ಕಂಪ್ಯೂಟರ್ ಸರ್ವಿಸ್ ಅಂಗಡಿಯ ಮಿತ್ರರಿಗೊಂದು ಬಹಿರಂಗ ಪತ್ರ

ತಾಲ್ಲೂಕು ಪೇಟೆಗಳಲ್ಲಿ ‘ಸೇಲ್ಸ್ ಅಂಡ್ ಸರ್ವಿಸ್’ ಬೋರ್ಡಿನ ಕೆಳಗೆ ಕೂತು ಊರಿನ ಕಂಪ್ಯೂಟರುಗಳನ್ನು ಓಡಿಸುತ್ತಿರುವ ಎಲ್ಲ ಮಿತ್ರರಿಗೆ,



ಈ ಪತ್ರವನ್ನು ಸರ್ಕಾರಕ್ಕೋ ಶಿಕ್ಷಣ ಇಲಾಖೆಗೋ ಬರೆಯಬಹುದಿತ್ತು. ಹಾಗೆ ಬರೆದವರು ಬೇಕಾದಷ್ಟಿದ್ದಾರೆ. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ಕೇಂದ್ರ ಸರ್ಕಾರ 2015ರಲ್ಲೇ ನೀತಿಯೊಂದನ್ನು ಹೊರಡಿಸಿದೆ. ಸಿ-ಡ್ಯಾಕ್ ಸಂಸ್ಥೆ ಅದಕ್ಕೂ ಮೊದಲೇ ‘ಬಾಸ್’ ಎಂಬ ಹೆಸರಿನ ಲಿನಕ್ಸನ್ನು ರೂಪಿಸಿ ಹಂಚಿದೆ. ಆದರೆ ಆ ನೀತಿಯ ಪ್ರತಿ ಹಿಡಿದುಕೊಂಡು ನಿಮ್ಮ ಅಂಗಡಿಯ ಮೆಟ್ಟಿಲು ಹತ್ತಿದ ಗ್ರಾಹಕ ಯಾರಾದರೂ ಇದ್ದಾರೆಯೇ? ಸಿಪಿಯುವನ್ನು ಬೈಕಿನ ಟ್ಯಾಂಕಿನ ಮೇಲೆ ಇಟ್ಟುಕೊಂಡು ಬಂದವರು ಹೇಳುವುದು ಒಂದೇ ಮಾತು: “ತುಂಬಾ ಸ್ಲೋ ಆಗಿದೆ, ಏನಾದ್ರೂ ಮಾಡ್ಕೊಡಿ.” ಆ ‘ಏನಾದ್ರೂ’ ಏನೆಂದು ತೀರ್ಮಾನಿಸುವವರು ನೀವು. ಗ್ರಾಹಕ ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಆ ಯಂತ್ರದ ಮುಂದಿನ ನಾಲ್ಕೈದು ವರ್ಷದ ಹಣೆಬರಹವನ್ನು ನಿಮ್ಮ ಪೆನ್‌ಡ್ರೈವ್ ಬರೆದು ಮುಗಿಸಿರುತ್ತದೆ. ಅದಕ್ಕೇ ಈ ಪತ್ರ ನಿಮಗೆ.

ಈಗಲೇ ಬರೆಯಲು ಕಾರಣವಿದೆ. ವಿಂಡೋಸ್ 10ಕ್ಕೆ ಎಲ್ಲರಿಗೂ ಬರುತ್ತಿದ್ದ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನೋಂದಾಯಿಸಿಕೊಂಡವರಿಗೆ ಒಂದು ವರ್ಷದ ವಿಸ್ತರಣೆ ಇದೆ, ಅದೂ 2026ರ ಅಕ್ಟೋಬರಿಗೆ ಮುಗಿಯುತ್ತದೆ. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಕೇಳುತ್ತದೆ, ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳನ್ನು ಹೆಚ್ಚುಕಡಿಮೆ ಬಾಗಿಲಲ್ಲೇ ನಿಲ್ಲಿಸುತ್ತದೆ. ನಮ್ಮ ಶಾಲೆ, ಸೊಸೈಟಿ, ವಕೀಲರ ಕಚೇರಿ, ಮನೆಗಳ ತುಂಬ ಇರುವುದು ಮೂರನೆಯ, ನಾಲ್ಕನೆಯ ತಲೆಮಾರಿನ ಐ3 ಯಂತ್ರಗಳು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಪಾರ್ಟ್ಸ್ ತಂದು ನೀವೇ ಜೋಡಿಸಿಕೊಟ್ಟವು. ಬೋರ್ಡು ಇನ್ನೂ ಗಟ್ಟಿಯಾಗಿದೆ, ಮಾನಿಟರ್ ಚೆನ್ನಾಗಿದೆ, ಎಸ್‌ಎಂಪಿಎಸ್ ಒಮ್ಮೆ ಬದಲಾಗಿರಬಹುದು, ಅಷ್ಟೆ.

ಇಂಥ ಯಂತ್ರ ಬಂದಾಗ ನಿಮ್ಮ ಮುಂದೆ ಸಾಮಾನ್ಯವಾಗಿ ಮೂರು ದಾರಿ. “ಇದಕ್ಕೆ ಹನ್ನೊಂದು ಹತ್ತಲ್ಲ ಸಾರ್, ಹೊಸದೇ ತಗೊಳ್ಳಿ” ಎನ್ನುವುದು. ತಪಾಸಣೆ ತಪ್ಪಿಸಿ ಹನ್ನೊಂದನ್ನು ಹೇಗೋ ಒಳಗೆ ತುರುಕುವುದು. ಇಲ್ಲವೇ ಹಳೆಯದನ್ನೇ ಮತ್ತೊಮ್ಮೆ ಫಾರ್ಮ್ಯಾಟ್ ಹೊಡೆದು, ಆಕ್ಟಿವೇಟರ್ ಓಡಿಸಿ ಕಳಿಸಿಕೊಡುವುದು. ಮೊದಲನೆಯದಕ್ಕೆ ಹಣ ಇದ್ದವರು ಕೊಡುತ್ತಾರೆ, ನನ್ನ ತಕರಾರಿಲ್ಲ. ಎರಡನೆಯದು ಎಷ್ಟು ದಿನ ನಡೆಯುತ್ತದೋ ಅದು ಕಂಪನಿಯ ಮರ್ಜಿ. ಮೂರನೆಯದರ ಬಗ್ಗೆ ಸ್ವಲ್ಪ ಖಾರವಾಗಿಯೇ ಮಾತಾಡಬೇಕಾಗಿದೆ, ಬೇಸರ ಮಾಡಿಕೊಳ್ಳಬಾರದು.

ಆಕ್ಟಿವೇಟರ್ ಓಡಿಸುವ ಮೊದಲು ನೀವು ಮಾಡುವ ಕೆಲಸವೇನು? ಆಂಟಿವೈರಸ್ ಆಫ್ ಮಾಡುವುದು. ಯಾರು ಬರೆದದ್ದೆಂದು ನಿಮಗೂ ಗೊತ್ತಿಲ್ಲದ ಒಂದು ಪ್ರೋಗ್ರಾಮಿಗೆ ಇನ್ನೊಬ್ಬರ ಕಂಪ್ಯೂಟರಿನ ಪೂರ್ಣಾಧಿಕಾರ ಸಿಗುವುದು ಆ ಗಳಿಗೆಯಲ್ಲಿ. ಸ್ಟಾಪ್-ಡಿಜೆವು ಎಂಬ ರ‍್ಯಾನ್ಸಮ್‌ವೇರ್ ಹಬ್ಬಿದ್ದು ಮುಖ್ಯವಾಗಿ ಇಂಥ ಕ್ರ್ಯಾಕುಗಳ ಜೊತೆಯಲ್ಲೇ. ಪರಿಚಯದ ಒಂದು ಸಣ್ಣ ಸಂಘದ ಕಂಪ್ಯೂಟರಿನಲ್ಲಿ ಅದು ಕೂತದ್ದನ್ನು ನಾನು ನೋಡಿದ್ದೇನೆ. ಪ್ರತಿ ಫೈಲಿನ ಹೆಸರಿನ ಬಾಲಕ್ಕೆ ಅರ್ಥವಿಲ್ಲದ ನಾಲ್ಕು ಅಕ್ಷರ, ಫೋಲ್ಡರಿನಲ್ಲಿ ಒಂದು ಚೀಟಿ: 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧಕ್ಕೆ, 490ಕ್ಕೆ ಬಿಡುತ್ತೇವೆ. ಸದಸ್ಯರ ಪಟ್ಟಿ, ಸಭೆಗಳ ನಡಾವಳಿ, ವಾರ್ಷಿಕೋತ್ಸವದ ಫೋಟೊಗಳು ಎಲ್ಲ ಹೋದವು. ಕಾರ್ಯದರ್ಶಿಯವರಿಗೆ ಕೊನೆಗೂ ತಿಳಿಯದೆ ಉಳಿದದ್ದು ತಾವು ಯಾವಾಗ ಏನು ಡೌನ್‌ಲೋಡ್ ಮಾಡಿದೆವು ಎಂಬುದು. ಅವರು ಏನೂ ಮಾಡಿರಲಿಲ್ಲ. ಸರ್ವಿಸಿನಿಂದ ಬಂದಾಗಲೇ ಅದರೊಳಗೆ ಆ ಕ್ರ್ಯಾಕ್ ಇತ್ತು.

ಕಾನೂನಿನ ಮಾತೂ ಒಂದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಕಳ್ಳಪ್ರತಿಯೆಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸುವವರಿಗೆ 7 ದಿನದಿಂದ 3 ವರ್ಷದವರೆಗೆ ಸಜೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಸ್ವಂತ ಬಳಕೆಯಾದರೆ ನ್ಯಾಯಾಲಯ ಸಜೆಯನ್ನು ಬಿಡಬಹುದು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಅಸಲಿ ಲೈಸೆನ್ಸಿನ ಬೆಲೆ ಕೇಳಿದರೆ ಹಳೆಯ ಯಂತ್ರದ ಬೆಲೆಗೇ ಸಮವಾಗುತ್ತದೆ, ಗ್ರಾಹಕ ಕೊಡುವುದಿಲ್ಲ, ಕೊಡುವುದಿಲ್ಲವೆಂದು ವಾಪಸು ಕಳಿಸಿದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಈ ಇಕ್ಕಟ್ಟು ನನಗೆ ಅರ್ಥವಾಗುತ್ತದೆ. ನಾನು ಕೇಳುತ್ತಿರುವುದು ಈ ಇಕ್ಕಟ್ಟಿನಿಂದ ಹೊರಬರುವ ನಾಲ್ಕನೆಯ ದಾರಿಯನ್ನು ಗ್ರಾಹಕನ ಮುಂದೆ ಇಡಿ ಎಂದು ಮಾತ್ರ.

ಲಿನಕ್ಸ್ ಎಂದ ಕೂಡಲೇ ನಿಮ್ಮಲ್ಲಿ ಹಲವರು “ಅದೆಲ್ಲ ಬೆಂಗಳೂರಿನ ಕಂಪನಿಯವರಿಗೆ ಸಾರ್” ಎನ್ನುತ್ತೀರಿ. ಆದರೆ ನೀವು ದಿನವೂ ಮಾರುತ್ತಿರುವುದೇ ಲಿನಕ್ಸು. ಮೂಲೆಯಲ್ಲಿ ಜೋಡಿಸಿಟ್ಟಿರುವ ಸಿಸಿಟಿವಿ ಡಿವಿಆರ್ ಡಬ್ಬಿಗಳಲ್ಲಿ, ವೈಫೈ ರೂಟರುಗಳಲ್ಲಿ ಬಹುಪಾಲು ಓಡುತ್ತಿರುವುದು ಅದು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಅದು. ಪಿಯು ಕಾಲೇಜಿಗೋ ಹೋಮ್‌ಸ್ಟೇಗೋ ವೆಬ್‌ಸೈಟ್ ಮಾಡಿಕೊಡುತ್ತೀರಲ್ಲ, ಆ ಹೋಸ್ಟಿಂಗಿನ ಹಿಂದಿರುವುದೂ ಹೆಚ್ಚಾಗಿ ಅದೇ. 1991ರಲ್ಲಿ ಹೆಲ್ಸಿಂಕಿಯ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಹವ್ಯಾಸಕ್ಕೆಂದು ಶುರುಮಾಡಿದ್ದು ಇಷ್ಟೆಲ್ಲ ಕಡೆ ಹರಡಿಯೂ ನಿಮ್ಮ ಮೇಜಿನ ಮೇಲಿನ ಡೆಸ್ಕ್‌ಟಾಪಿಗೆ ಮಾತ್ರ ಬಂದಿಲ್ಲ.

ನಾನು ಎಂಜಿನಿಯರ್ ಅಲ್ಲ. ಕನ್ನಡ ಪುಸ್ತಕಗಳ ಕರಡು ತಿದ್ದುವುದು, ಅಕ್ಷರ ಸಂಯೋಜನೆ ಮಾಡಿಸುವುದು ನನ್ನ ಕಸುಬು. ಬಹಳ ಕಾಲದಿಂದ ನನ್ನ ಮೇಜಿನ ಮೇಲೆ ಲಿನಕ್ಸೇ ಇದೆ, ಈಗ ಲಿನಕ್ಸ್ ಮಿಂಟ್. ಒಂದೆರಡು ಬಳಗಗಳ ಸಣ್ಣ ವೆಬ್‌ಸೈಟುಗಳನ್ನು ಬಾಡಿಗೆ ಸರ್ವರಿನಲ್ಲಿ ನೋಡಿಕೊಳ್ಳುತ್ತೇನೆ. ಹೊಗಳುವುದಕ್ಕಿಂತ, ಎಲ್ಲೆಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ ಎಂದು ಹೇಳಿದರೆ ನಿಮಗೆ ಹೆಚ್ಚು ಉಪಯೋಗ.

ಮೊದಲನೆಯದಾಗಿ, ವೇಗದ ಬಗ್ಗೆ ಸುಳ್ಳು ಹೇಳಬೇಡಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇರುವ ಯಂತ್ರಕ್ಕೆ ಲಿನಕ್ಸ್ ಹಾಕಿದರೂ ಬ್ರೌಸರ್ ತೆರೆಯಲು ತಿಣುಕುತ್ತದೆ. ಯಂತ್ರಕ್ಕೆ ಮರುಜೀವ ಬರುವುದು ಎಸ್‌ಎಸ್‌ಡಿಯಿಂದ. ಒಂದು ಸಣ್ಣ ಎಸ್‌ಎಸ್‌ಡಿ, 4 ಜಿಬಿ ಇದ್ದರೆ 8 ಜಿಬಿ ರ‍್ಯಾಮ್, ಮೇಲೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ಇಷ್ಟಾದರೆ ನಾಲ್ಕನೇ ತಲೆಮಾರಿನ ಐ3 ಇನ್ನೂ ಕೆಲವು ವರ್ಷ ನಿಶ್ಚಿಂತೆಯಿಂದ ದುಡಿಯುತ್ತದೆ. ಮಿಂಟ್ 22ರ ಸಾಲಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಎಸ್‌ಎಸ್‌ಡಿ ಮಾರಾಟದ ಲಾಭವೂ ನಿಮ್ಮದೇ.

ಇನ್‌ಸ್ಟಾಲ್ ಮಾಡುವ ಮುನ್ನ ಪೆನ್‌ಡ್ರೈವಿನಿಂದಲೇ ಲೈವ್ ಬೂಟ್ ಮಾಡಿ, ಗ್ರಾಹಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಡಿಸ್ಕಿಗೆ ಏನೂ ಆಗುವುದಿಲ್ಲ. ಯೂಟ್ಯೂಬ್ ಹಾಕಿ, ಸದ್ದು ಬರುತ್ತದೆಯೇ? ವೈಫೈ ಕಾಣುತ್ತದೆಯೇ? ಪ್ರಿಂಟರ್ ಸಿಕ್ಕಿಸಿ, ಒಂದು ಹಾಳೆ ಬರುತ್ತದೆಯೇ? ಈ ಮೂರರಲ್ಲಿ ಕೈಕೊಡುವುದು ಸಾಮಾನ್ಯವಾಗಿ ಕೊನೆಯ ಎರಡು. ಕೆಲವು ಹಳೆಯ ಲ್ಯಾಪ್‌ಟಾಪುಗಳ ವೈಫೈ ಚಿಪ್ಪಿಗೆ ಡ್ರೈವರ್ ಬೇಕು, ಡ್ರೈವರ್ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಬೇಕಾದರೆ ವೈಫೈ ಬೇಕು! ಈ ಗಂಟನ್ನು ಬಿಡಿಸುವುದು ಸುಲಭ. ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿ, ಲಿನಕ್ಸ್ ಅದನ್ನು ತಂತಿಯ ಇಂಟರ್‌ನೆಟ್ ಎಂದೇ ತಿಳಿದು ತಕ್ಷಣ ಹಿಡಿದುಕೊಳ್ಳುತ್ತದೆ. ಆಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಪ್ರಿಂಟರ್ ವಿಷಯದಲ್ಲಿ ನಾನು ಅಷ್ಟು ಧೈರ್ಯ ಕೊಡಲಾರೆ. ಎಚ್‌ಪಿಯವರ ಬಹುತೇಕ ಮಾದರಿಗಳಿಗೆ ಎಚ್‌ಪಿಲಿಪ್ ಎಂಬ ಡ್ರೈವರ್ ಸಿದ್ಧವಿದೆ. ಇತ್ತೀಚಿನ ವೈಫೈ ಪ್ರಿಂಟರುಗಳು ಡ್ರೈವರೇ ಇಲ್ಲದೆ ನಡೆಯುತ್ತವೆ. ಆದರೆ ನಮ್ಮ ಕಚೇರಿಗಳ ಮೇಜುಗಳ ಮೇಲೆಲ್ಲ ಕಾಣುವ ಒಂದು ಜಾತಿಯ ಚಿಕ್ಕ ಲೇಸರ್ ಪ್ರಿಂಟರುಗಳಿವೆ. ಅವು ಕಂಪ್ಯೂಟರಿನ ತಲೆಯನ್ನೇ ನಂಬಿಕೊಂಡವು, ಕಂಪನಿಯದೇ ಡ್ರೈವರ್ ಇಲ್ಲದಿದ್ದರೆ ಅಲುಗಾಡುವುದಿಲ್ಲ. ಒಂದಿಡೀ ಸಂಜೆ ಹೋರಾಡಿ ಅಂಥದ್ದೊಂದನ್ನು ನಡೆಸಿದ್ದೇನೆ, ಮುಂದಿನ ದೊಡ್ಡ ಅಪ್‌ಡೇಟಿಗೆ ಅದು ಮತ್ತೆ ಮುನಿಸಿಕೊಂಡಿತು. ಗ್ರಾಹಕರ ಹತ್ತಿರ ಅಂಥ ಪ್ರಿಂಟರ್ ಇದ್ದರೆ ಮೊದಲೇ ಹೇಳಿಬಿಡಿ.

ಎರಡೂ ಸಿಸ್ಟಮ್ ಇರಲಿ ಎಂದು ಡ್ಯೂಯಲ್ ಬೂಟ್ ಮಾಡಿಕೊಟ್ಟರೆ ಮಾರನೆಯ ದಿನ ಒಂದು ಫೋನ್ ಖಂಡಿತ: “ಗಡಿಯಾರ ತಪ್ಪು ತೋರಿಸ್ತಿದೆ.” ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯಕ್ಕೆ ಹೊಂದಿಸಿಡುತ್ತದೆ, ವಿಂಡೋಸ್ ಅದನ್ನು ಸ್ಥಳೀಯ ಸಮಯ ಎಂದು ಓದುತ್ತದೆ. ಹಾಗಾಗಿ ವಿಂಡೋಸಿಗೆ ಹೋದಾಗ ಸರಿಯಾಗಿ ಐದೂವರೆ ಗಂಟೆ ಹಿಂದೆ. ಲಿನಕ್ಸಿನ ಕಡೆ ಒಂದೇ ಆದೇಶ ಕೊಟ್ಟು ಸ್ಥಳೀಯ ಸಮಯಕ್ಕೆ ತಿರುಗಿಸಿದರೆ ಮುಗಿಯಿತು. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಕೂಡ ಆಫ್ ಮಾಡಿ, ಇಲ್ಲದಿದ್ದರೆ ಲಿನಕ್ಸಿನಿಂದ ಆ ಡ್ರೈವಿಗೆ ಏನನ್ನೂ ಬರೆಯಲು ಬಿಡುವುದಿಲ್ಲ.

ಇನ್ನು ಕರೆಂಟು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ದಿನವಾಗಿರುವ ಯಂತ್ರಗಳು ನಮ್ಮವು. ಮೇಲಿಂದ ಮೇಲೆ ಕರೆಂಟು ಹೋದರೆ ಒಮ್ಮೊಮ್ಮೆ ಲಿನಕ್ಸ್ ಕಪ್ಪು ಪರದೆಯಲ್ಲಿ ಇಂಗ್ಲಿಷ್ ಸಾಲುಗಳನ್ನು ಬರೆದು ಸುಮ್ಮನೆ ಕೂರುತ್ತದೆ. ಡಿಸ್ಕನ್ನು ಪರೀಕ್ಷಿಸು ಎಂದು ಎಫ್‌ಎಸ್‌ಸಿಕೆ ಆದೇಶ ಕೊಟ್ಟು ರೀಬೂಟ್ ಮಾಡಿದರೆ ಸಾಧಾರಣವಾಗಿ ಎದ್ದುಬಿಡುತ್ತದೆ. ನಿಮಗೆ ಇದು ಅರ್ಧ ನಿಮಿಷದ ಕೆಲಸ, ಆದರೆ ಗ್ರಾಹಕನ ಕಣ್ಣಿಗೆ ಕಂಪ್ಯೂಟರೇ ಸತ್ತಂತೆ. ಆ ಒಂದು ಸಾಲನ್ನು ಚೀಟಿಯಲ್ಲಿ ಬರೆದು ಸಿಪಿಯುವಿನ ಪಕ್ಕಕ್ಕೆ ಅಂಟಿಸಿ ಕೊಡಿ. ನಾನು ಹಾಕಿಕೊಟ್ಟ ಕಡೆಯೆಲ್ಲ ಹಾಗೆ ಮಾಡಿದ್ದೇನೆ, ರಾತ್ರಿ ಬರುವ ಫೋನುಗಳು ಕಡಿಮೆಯಾಗಿವೆ.

ಕನ್ನಡಕ್ಕೆ ಬರುತ್ತೇನೆ. ನಿಮ್ಮಲ್ಲಿ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ “ನುಡಿ ಇಲ್ವಲ್ಲ?” ನುಡಿಯ ಕೀಲಿಮಣೆ ವಿನ್ಯಾಸ, ಅಂದರೆ ಎಫ್ ಒತ್ತಿ ಒತ್ತಕ್ಷರ ಬರಿಸುವ ಅದೇ ಕಗಪ, ಲಿನಕ್ಸಿನಲ್ಲಿದೆ. ಐಬಸ್ ಮತ್ತು ಎಂ17ಎನ್ ಎಂಬ ಪ್ಯಾಕೇಜುಗಳನ್ನು ಹಾಕಿ, ಕನ್ನಡ ಪಟ್ಟಿಯಲ್ಲಿ ಕೆಜಿಪಿ ಆರಿಸಿಕೊಂಡರೆ ಬೆರಳು ಮರೆಯುವಂಥದ್ದೇನಿಲ್ಲ. ಇನ್‌ಸ್ಕ್ರಿಪ್ಟ್ ಅಭ್ಯಾಸವಿದ್ದವರಿಗೆ ಅದೂ ಇದೆ. ಗುಬ್ಬಿ, ನವಿಲು ಎಂಬ ಚಂದದ ಯೂನಿಕೋಡ್ ಫಾಂಟುಗಳು ಡೆಬಿಯನ್, ಉಬುಂಟುಗಳ ಭಂಡಾರದಲ್ಲೇ ಸಿಗುತ್ತವೆ. ಲಿಬ್ರೆ ಆಫೀಸಿನಲ್ಲಿ ನಾನು ನೂರಾರು ಪುಟದ ಕರಡು ನೋಡುತ್ತೇನೆ, ಒತ್ತಕ್ಷರ ಎಲ್ಲೂ ಒಡೆಯುವುದಿಲ್ಲ.

ತೊಡಕಿರುವುದು ಹಳೆಯ ಕಡತಗಳಲ್ಲಿ. ನುಡಿ 01 ಇ ಮೊದಲಾದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತವನ್ನು ತೆರೆದರೆ ಇಂಗ್ಲಿಷಿನ ಕಲಸುಮೇಲೋಗರ ಕಾಣುತ್ತದೆ. ಆ ಫಾಂಟನ್ನೇ ಇಲ್ಲೂ ಹಾಕಿದರೆ ಅಕ್ಷರ ಕಾಣುತ್ತವೆ, ಆದರೆ ಹುಡುಕಲಾಗುವುದಿಲ್ಲ, ವಿಂಗಡಿಸಲಾಗುವುದಿಲ್ಲ. ಇದು ಲಿನಕ್ಸಿನ ದೋಷವಲ್ಲ, ವಿಂಡೋಸಿನಲ್ಲೂ ಅವು ಅಂಥವೇ. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಕಡೆಗಳನ್ನು ಒಮ್ಮೆ ಕಣ್ಣಾಡಿಸಬೇಕಾಗುತ್ತದೆ, ಎಡವಟ್ಟು ಹೆಚ್ಚಾಗಿ ಅಲ್ಲೇ. ಗ್ರಾಮ ಪಂಚಾಯಿತಿಯ ಪಕ್ಕದ ಟೈಪಿಂಗ್ ಅಂಗಡಿಗಳಿಗೆ, ಸಂಘಗಳಿಗೆ ಈ ಪರಿವರ್ತನೆಯನ್ನೇ ಒಂದು ಸರ್ವಿಸ್ ಆಗಿ ನೀವು ಮಾಡಿಕೊಡಬಹುದು. ಯಾರೂ ಮಾಡುತ್ತಿಲ್ಲ.

ಹಾಗೆಂದು ಎಲ್ಲರಿಗೂ ಲಿನಕ್ಸ್ ಹಾಕಬೇಡಿ, ದಯವಿಟ್ಟು. ಪೇಜ್‌ಮೇಕರ್, ಕೋರೆಲ್ ಡ್ರಾ, ಫೋಟೊಶಾಪ್‌ಗಳಲ್ಲಿ ಹೊಟ್ಟೆ ಹೊರೆಯುವ ಪ್ರೆಸ್ಸಿನವರು, ಸ್ಟುಡಿಯೋದವರು ಅಲ್ಲೇ ಇರಲಿ. ಟ್ಯಾಲಿ ಇಟ್ಟುಕೊಂಡ ಅಂಗಡಿಯವರಿಗೆ, ಡಿಜಿಟಲ್ ಸಹಿಯ ಟೋಕನ್ ಸಿಕ್ಕಿಸಿ ಟೆಂಡರ್ ಹಾಕುವ ಗುತ್ತಿಗೆದಾರರಿಗೆ, ಬೆರಳಚ್ಚಿನ ಯಂತ್ರ ಇಟ್ಟುಕೊಂಡ ಸೇವಾ ಕೇಂದ್ರದವರಿಗೆ ಇದನ್ನು ಹೇರಿದರೆ ಅವರು ಒಂದೇ ವಾರದಲ್ಲಿ ನಿಮ್ಮನ್ನೂ ಲಿನಕ್ಸನ್ನೂ ಒಟ್ಟಿಗೆ ಶಪಿಸುತ್ತಾರೆ. ಇವರನ್ನೆಲ್ಲ ಬಿಟ್ಟರೂ ಉಳಿಯುವವರು ಕಡಿಮೆಯೇನಲ್ಲ: ಮಕ್ಕಳ ಓದು, ಇಮೇಲ್, ಬ್ಯಾಂಕು, ಅರ್ಜಿ ತುಂಬುವುದು, ಪತ್ರ ಟೈಪಿಸುವುದು, ಸಿನಿಮಾ ನೋಡುವುದು ಇಷ್ಟೇ ಬೇಕಾದವರು. ನಮ್ಮ ಓಣಿಯ ನಿವೃತ್ತ ಮೇಷ್ಟ್ರೊಬ್ಬರು ಮಿಂಟ್‌ನಲ್ಲಿ ತಮ್ಮ ನೆನಪುಗಳನ್ನು ಟೈಪಿಸುತ್ತಿದ್ದಾರೆ. ಅವರ ಪಾಲಿಗೆ ಅದು ಈಗಲೂ ‘ಆ ಹಸಿರು ವಿಂಡೋಸು’. ನಾನು ತಿದ್ದಲು ಹೋಗಿಲ್ಲ.

ನಮ್ಮವರಿಗೆ ಇದು ಒಗ್ಗುವುದಿಲ್ಲ ಎನ್ನುವವರು ಒಮ್ಮೆ ಕಾಸರಗೋಡಿನ ಕಡೆ ನೋಡಬೇಕು. ಕೇರಳ 2001ರಲ್ಲಿ ಐಟಿ@ಸ್ಕೂಲ್ ಎಂಬ ಯೋಜನೆ ಶುರುಮಾಡಿ, ಕೆಲವೇ ವರ್ಷಗಳಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳನ್ನೆಲ್ಲ ಮುಕ್ತ ತಂತ್ರಾಂಶಕ್ಕೆ ತಂದಿತು. ಈಗ ಅದನ್ನು ಕೈಟ್ ಎಂಬ ಸಂಸ್ಥೆ ನಡೆಸುತ್ತಿದೆ, ಉಬುಂಟುವನ್ನೇ ತಮಗೆ ಬೇಕಾದಂತೆ ಒಗ್ಗಿಸಿಕೊಂಡಿದ್ದಾರೆ. ಮಂಜೇಶ್ವರ, ಕುಂಬಳೆಗಳ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅವರ ಕಂಪ್ಯೂಟರ್ ಪಠ್ಯಪುಸ್ತಕ ಕನ್ನಡದಲ್ಲಿದೆ, ಜಿಂಪ್, ಇಂಕ್‌ಸ್ಕೇಪ್‌ಗಳ ಪಾಠ ಕನ್ನಡದಲ್ಲಿ ನಡೆಯುತ್ತದೆ. ತಲಪಾಡಿಯ ಗಡಿ ದಾಟಿ ಈಚೆ ಬಂದರೆ ಅದೇ ಭಾಷೆಯ ಅದೇ ವಯಸ್ಸಿನ ಮಕ್ಕಳ ಎಷ್ಟೋ ಲ್ಯಾಬುಗಳಿಗೆ ‘ಕಂಪ್ಯೂಟರ್ ಹಳೆಯದಾಯಿತು’ ಎಂದು ಬೀಗ. ನಿಮ್ಮೂರಿನ ಪ್ರೌಢಶಾಲೆಯ ಲ್ಯಾಬಿನ ಬೀಗ ತೆಗೆಸುವ ಶಕ್ತಿ ಮುಖ್ಯೋಪಾಧ್ಯಾಯರಿಗಿಂತ ನಿಮಗೇ ಹೆಚ್ಚಿದೆ. ಅವರು ‘ಇದು ಆಗುತ್ತಾ?’ ಎಂದು ಕೇಳುವುದು ನಿಮ್ಮನ್ನೇ.

ಈಗ ವೆಬ್‌ಸೈಟುಗಳ ಮಾತು. ಇಲ್ಲಿ ನನ್ನ ಸಿಟ್ಟು ಸ್ವಲ್ಪ ಹೆಚ್ಚು.

ಒಂದು ಕಾಲೇಜಿನ ವೆಬ್‌ಸೈಟ್ ನೋಡಿಕೊಡಿ ಎಂದು ಕರೆದಿದ್ದರು. ತೆರೆದರೆ ಪ್ರಾಂಶುಪಾಲರ ಫೋಟೊ, ಫಲಿತಾಂಶ, ಎಲ್ಲ ಸರಿಯಾಗಿತ್ತು. ಗೂಗಲ್‌ನಲ್ಲಿ ಹುಡುಕಿದಾಗ ಮಾತ್ರ ಕಾಲೇಜಿನ ಹೆಸರಿನ ಕೆಳಗೆ ಜಪಾನಿ ಅಕ್ಷರಗಳಲ್ಲಿ ಯಾವುದೋ ಸರಕಿನ ಜಾಹೀರಾತು ಸಾಲುಸಾಲು. ದುಡ್ಡು ಕೊಟ್ಟು ಕೊಳ್ಳಬೇಕಾದ ವರ್ಡ್‌ಪ್ರೆಸ್ ಥೀಮನ್ನು ಮಾಡಿಕೊಟ್ಟವರು ‘ಫ್ರೀ’ ಎಂದು ಎಲ್ಲಿಂದಲೋ ಇಳಿಸಿದ್ದರು. ಅದರೊಳಗೆ ಅಡಗಿದ್ದ ಕೋಡು ಗೂಗಲ್‌ನ ಹುಡುಕುಯಂತ್ರ ಬಂದಾಗ ಒಂದು ಮುಖ, ಮನುಷ್ಯರು ಬಂದಾಗ ಇನ್ನೊಂದು ಮುಖ ತೋರಿಸುತ್ತಿತ್ತು. ಸರಿಪಡಿಸಲು ಹೊರಟರೆ ಡೊಮೇನ್ ಕಾಲೇಜಿನ ಹೆಸರಿನಲ್ಲೇ ಇರಲಿಲ್ಲ, ಮಾಡಿಕೊಟ್ಟವರ ಸ್ವಂತ ಇಮೇಲಿಗೆ ನೋಂದಣಿಯಾಗಿತ್ತು, ಅವರು ಅಂಗಡಿ ಮುಚ್ಚಿ ಊರು ಬಿಟ್ಟಿದ್ದರು. ಕಾಲೇಜು ತನ್ನದೇ ಹೆಸರನ್ನು ಕಳೆದುಕೊಂಡು ಬೇರೊಂದು ವಿಳಾಸ ಕೊಳ್ಳಬೇಕಾಯಿತು.

ಇದರಲ್ಲಿ ಕೆಡುಕಿನ ಉದ್ದೇಶ ಇತ್ತೆಂದು ನಾನು ನಂಬುವುದಿಲ್ಲ. ಹಾಗೆ ಮಾಡುವುದು ರೂಢಿ, ಅಷ್ಟೆ. ಆ ರೂಢಿಯನ್ನು ಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಡೊಮೇನ್ ಗ್ರಾಹಕರ ಹೆಸರಿನಲ್ಲಿ, ಗ್ರಾಹಕರ ಇಮೇಲಿನಲ್ಲಿ ಇರಲಿ. ಪಾಸ್‌ವರ್ಡುಗಳನ್ನು ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಹಾಕಿ ಕೊಡಿ. ಹತ್ತು ಪುಟದ ಶಾಲೆಯ ಸೈಟಿಗೆ ವರ್ಡ್‌ಪ್ರೆಸ್ಸೇ ಬೇಕಿಲ್ಲ, ಸಾದಾ ಎಚ್‌ಟಿಎಂಎಲ್ ಪುಟಗಳಾದರೆ ಹ್ಯಾಕ್ ಆಗಲು ಅಲ್ಲಿ ಹೆಚ್ಚೇನೂ ಇರುವುದಿಲ್ಲ. ಕನ್ನಡದ ಪ್ರಕಟಣೆಗಳನ್ನು ಚಿತ್ರವಾಗಿ ಅಂಟಿಸಬೇಡಿ, ಯೂನಿಕೋಡಿನಲ್ಲಿ ಟೈಪಿಸಿ. ಚಿತ್ರದಲ್ಲಿರುವ ಕನ್ನಡವನ್ನು ಯಾರು ಹುಡುಕಿದರೂ ಸಿಗುವುದಿಲ್ಲ.

ಸ್ವಲ್ಪ ದೊಡ್ಡ ಸೈಟುಗಳಿಗೆ ನೀವೇ ಒಂದು ಸಣ್ಣ ವಿಪಿಎಸ್ ಬಾಡಿಗೆಗೆ ತೆಗೆದುಕೊಂಡು ನಡೆಸಬಹುದು. ತಿಂಗಳಿಗೆ ಕೆಲವು ನೂರು ರೂಪಾಯಿಗೆ 1 ಜಿಬಿ ರ‍್ಯಾಮಿನ ಸರ್ವರ್ ಸಿಗುತ್ತದೆ. ನಾನು ಡೆಬಿಯನ್ ಹಾಕುತ್ತೇನೆ, ಅದನ್ನು ನಡೆಸುವುದು ಸ್ವಯಂಸೇವಕರ ಸಮುದಾಯ. ಕಂಪನಿಯ ಹಿಡಿತದಲ್ಲಿದ್ದರೆ ಅಪಾಯವೂ ಇದೆ: 2029ರವರೆಗೆ ಬರುತ್ತದೆಂದು ನಂಬಿ ಸೆಂಟೋಸ್ 8 ಎಂಬ ಲಿನಕ್ಸ್ ಹಾಕಿಕೊಂಡವರಿಗೆ 2020ರ ಡಿಸೆಂಬರಿನಲ್ಲಿ ‘2021ರ ಕೊನೆಗೇ ಮುಗಿಯಿತು’ ಎಂಬ ಪ್ರಕಟಣೆ ಬಂತು. ಲಿನಕ್ಸ್ ಲೋಕದಲ್ಲೂ ಇಂಥದ್ದು ನಡೆಯುತ್ತದೆ.

ಸರ್ವರ್ ಶುರುವಾದ ಸ್ವಲ್ಪ ಹೊತ್ತಿಗೇ ಅದರ ಲಾಗ್ ತೆರೆದು ನೋಡಿ. ರೂಟ್, ಅಡ್ಮಿನ್, ಟೆಸ್ಟ್ ಎಂದು ಹೆಸರುಗಳನ್ನು ಊಹಿಸುತ್ತ, ಪಾಸ್‌ವರ್ಡುಗಳನ್ನು ಊಹಿಸುತ್ತ ಪ್ರಪಂಚದ ಮೂಲೆಮೂಲೆಗಳಿಂದ ಬಾಗಿಲು ಬಡಿಯುತ್ತಿರುತ್ತಾರೆ. ಮನುಷ್ಯರಲ್ಲ, ಯಂತ್ರಗಳು. ಮೊದಲ ಸಲ ನೋಡಿದಾಗ ಎದೆ ಧಸಕ್ಕೆನ್ನುತ್ತದೆ, ಆಮೇಲೆ ಮಳೆಯ ಸದ್ದಿನಷ್ಟೇ ಮಾಮೂಲು. ಪಾಸ್‌ವರ್ಡಿನ ಲಾಗಿನ್ನನ್ನೇ ಮುಚ್ಚಿ ಎಸ್‌ಎಸ್‌ಎಚ್ ಕೀ ಮಾತ್ರ ಇಟ್ಟುಕೊಂಡರೆ ಅವರ ಊಹೆಗಳೆಲ್ಲ ವ್ಯರ್ಥ. ಭದ್ರತಾ ಅಪ್‌ಡೇಟುಗಳು ತಾವಾಗಿಯೇ ಬರುವಂತೆ ಹೊಂದಿಸಿ.

ಸಣ್ಣ ಸರ್ವರಿನಲ್ಲಿ ನಡುರಾತ್ರಿ ಸೈಟು ಬಿದ್ದರೆ, ಕಾರಣ ಹೆಚ್ಚಾಗಿ ಮೆಮೊರಿಯ ಕೊರತೆ. ರ‍್ಯಾಮ್ ತುಂಬಿದಾಗ ಲಿನಕ್ಸ್ ಅತಿ ಹೆಚ್ಚು ತಿನ್ನುತ್ತಿರುವ ಪ್ರೋಗ್ರಾಮನ್ನು ಹುಡುಕಿ ಕೊಂದುಹಾಕುತ್ತದೆ. ಸಾಮಾನ್ಯವಾಗಿ ಬಲಿಯಾಗುವುದು ಡೇಟಾಬೇಸು. ಸೈಟಿಗೆ ಬಂದವರಿಗೆ ಕಾಣುವುದು ‘ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ’ ಎಂಬ ಒಂದೇ ಸಾಲು. ಒಂದೆರಡು ಜಿಬಿ ಸ್ವಾಪ್ ಕೊಟ್ಟು, ಪಿಎಚ್‌ಪಿ ಏಕಕಾಲಕ್ಕೆ ಎಬ್ಬಿಸುವ ಕೆಲಸಗಾರರ ಸಂಖ್ಯೆಗೆ ಮಿತಿ ಹಾಕಿದರೆ ಬಹುಪಾಲು ಪರಿಹಾರ. ಇನ್ನೊಂದು, ಡೇಟಾಬೇಸಿನ ಕೋಷ್ಟಕಗಳನ್ನು ಮೊದಲ ದಿನವೇ ಯುಟಿಎಫ್8ಎಂಬಿ4ಗೆ ಹೊಂದಿಸಿ. ಹಳೆಯ ಲ್ಯಾಟಿನ್1 ಕೋಷ್ಟಕಕ್ಕೆ ಕನ್ನಡ ತುಂಬಿದರೆ ಒಳಗೆ ಹೋಗುವುದು ಬರೀ ಪ್ರಶ್ನಾರ್ಥಕ ಚಿಹ್ನೆಗಳು, ಅವನ್ನು ಮತ್ತೆ ಕನ್ನಡ ಮಾಡಲು ಬ್ರಹ್ಮನಿಂದಲೂ ಆಗದು.

ಎಸ್‌ಎಸ್‌ಎಲ್ ಸರ್ಟಿಫಿಕೇಟಿಗೆಂದು ಸಾವಿರಗಟ್ಟಲೆ ಬಿಲ್ ಮಾಡುವವರೂ ನಿಮ್ಮಲ್ಲಿದ್ದಾರೆ. 2015ರ ಡಿಸೆಂಬರಿನಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಅದನ್ನು ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ. ಅವಧಿ ಮುಗಿಯುವ ಮೊದಲೇ ತಾನಾಗಿ ನವೀಕರಣವಾಗುವಂತೆ ಸರ್ಟ್‌ಬಾಟ್ ಎಂಬ ಪ್ರೋಗ್ರಾಮನ್ನು ಹೊಂದಿಸಬಹುದು. ಫೈರ್‌ವಾಲಿನಲ್ಲಿ 80ನೇ ಪೋರ್ಟ್ ಮುಚ್ಚಿದ್ದರೆ ಸಾಮಾನ್ಯ ಬಗೆಯ ನವೀಕರಣ ಸದ್ದಿಲ್ಲದೆ ಸೋಲುತ್ತದೆ, ಅದೊಂದನ್ನು ನೋಡಿಕೊಳ್ಳಿ. ಹೊಂದಿಸಿದ ನಿಮ್ಮ ಶ್ರಮಕ್ಕೆ ಧಾರಾಳವಾಗಿ ಬಿಲ್ ಮಾಡಿ, ಪುಕ್ಕಟೆ ವಸ್ತುವನ್ನು ಕೊಂಡು ತಂದೆ ಎಂದು ಮಾತ್ರ ಹೇಳಬೇಡಿ.

ಕೊನೆಗೆ ದುಡ್ಡಿನ ಪ್ರಶ್ನೆ. ಬಾಯಿಬಿಟ್ಟು ಹೇಳದಿದ್ದರೂ ನಿಮ್ಮ ಮನಸ್ಸಿನಲ್ಲಿರುವುದು ನನಗೆ ಗೊತ್ತು: ವೈರಸ್ ಬರದಿದ್ದರೆ ಗ್ರಾಹಕ ಮತ್ತೆ ಯಾಕೆ ಬರುತ್ತಾನೆ? ಫಾರ್ಮ್ಯಾಟಿನ ಐನೂರು ರೂಪಾಯಿ ನಿಂತರೆ ಅಂಗಡಿ ಬಾಡಿಗೆ ಯಾರು ಕಟ್ಟುತ್ತಾರೆ? ಆದರೆ ಮುಕ್ತ ತಂತ್ರಾಂಶದಲ್ಲೂ ದುಡಿಮೆಯಿದೆ: ಅದರ ಚಳವಳಿ ಕಟ್ಟಿದ ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ತಮ್ಮ ಈಮ್ಯಾಕ್ಸ್ ಎಂಬ ತಂತ್ರಾಂಶದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು, ಅದರಿಂದಲೇ ಜೀವನ ನಡೆಸಿದರು. ಲಿನಕ್ಸಿಗೆ ಬೆಂಬಲ ಸೇವೆ ಕೊಡುವುದನ್ನೇ ವ್ಯಾಪಾರ ಮಾಡಿಕೊಂಡ ರೆಡ್ ಹ್ಯಾಟ್ ಕಂಪನಿಯನ್ನು 2019ರಲ್ಲಿ ಐಬಿಎಂ ಕೊಂಡದ್ದು 3,400 ಕೋಟಿ ಡಾಲರಿಗೆ. ನಿಮ್ಮ ಪೇಟೆಯ ಅಳತೆಗೂ ಈ ಲೆಕ್ಕ ಹೊಂದುತ್ತದೆ. ಶಾಲೆಯ ಲ್ಯಾಬಿಗೆ, ಸೊಸೈಟಿಗೆ, ವಾಚನಾಲಯಕ್ಕೆ ವಾರ್ಷಿಕ ನಿರ್ವಹಣೆ ಒಪ್ಪಂದ ಮಾಡಿಕೊಳ್ಳಿ: ತಿಂಗಳಿಗೊಂದು ಭೇಟಿ, ಅಪ್‌ಡೇಟ್, ಬ್ಯಾಕಪ್ ಪರೀಕ್ಷೆ, ಹೊಸ ಶಿಕ್ಷಕರಿಗೆ ಅರ್ಧ ದಿನದ ತರಬೇತಿ. ಕೆಟ್ಟಾಗ ಮಾತ್ರ ಬರುವ ಐನೂರಕ್ಕಿಂತ ತಿಂಗಳು ತಿಂಗಳು ಬರುವ ಮುನ್ನೂರು ವಾಸಿ ಎಂಬುದನ್ನು ವ್ಯಾಪಾರಸ್ಥರಾದ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಈ ವಾರ ಬಿಡುವಾದಾಗ ಒಂದು 32 ಜಿಬಿ ಪೆನ್‌ಡ್ರೈವಿಗೆ ವೆಂಟಾಯ್ ಎಂಬ ಬೂಟ್ ಸಾಧನ ಹಾಕಿ, ಅದರೊಳಗೆ ಮಿಂಟ್‌ನ ಐಎಸ್‌ಒ ಫೈಲ್ ನಕಲು ಮಾಡಿಟ್ಟುಕೊಳ್ಳಿ. ವಿಂಡೋಸ್ ಐಎಸ್‌ಒ ಕೂಡ ಅದರಲ್ಲೇ ಇರಲಿ, ಪರವಾಗಿಲ್ಲ. ಮೂಲೆಯಲ್ಲಿ ಬಿದ್ದಿರುವ ಯಾವುದಾದರೂ ಹಳೆಯ ಯಂತ್ರಕ್ಕೆ ಅದನ್ನು ಹಾಕಿ ಕೌಂಟರಿನ ಮೇಲಿಟ್ಟು ನಿಮ್ಮ ಬಿಲ್ಲುಗಳನ್ನು ಅದರಲ್ಲೇ ಮಾಡಿ. ತೊಡಕುಗಳು ಮೊದಲು ನಿಮಗೇ ಎದುರಾಗಲಿ. ಯಂತ್ರ ತಂದವರನ್ನು, ಇದರಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಿ, ಆಮೇಲೆ ಡಿಸ್ಕಿಗೆ ಕೈಹಾಕಿ. ಮತ್ತು ಯಾವುದೇ ಸಿಸ್ಟಮ್ ಹಾಕುವುದಿರಲಿ, ಫಾರ್ಮ್ಯಾಟ್ ಹೊಡೆಯುವ ಮೊದಲು ಡೆಸ್ಕ್‌ಟಾಪಿನಲ್ಲಿ, ಡಾಕ್ಯುಮೆಂಟ್ಸ್‌ನಲ್ಲಿ, ಡಿ ಡ್ರೈವಿನಲ್ಲಿ ಇರುವುದನ್ನೆಲ್ಲ ಬೇರೊಂದು ಡಿಸ್ಕಿಗೆ ತೆಗೆದು, ಅವರಿಗೇ ತೆರೆದು ತೋರಿಸಿ, ‘ಎಲ್ಲ ಇದೆ’ ಎಂದು ಅವರ ಬಾಯಲ್ಲಿ ಹೇಳಿಸಿಕೊಂಡೇ ಮುಂದುವರಿಯಿರಿ.

ಮಿಂಟ್ ಹಾಕಿ ಐಬಸ್‌ನಲ್ಲಿ ಕಗಪ ಬರದೆ ಹೋದರೆ, ಅಥವಾ ಆ ಚಿಕ್ಕ ಲೇಸರ್ ಪ್ರಿಂಟರಿಗೆ ನೀವೇ ಒಂದು ಖಾಯಂ ಉಪಾಯ ಕಂಡುಹಿಡಿದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆದು ತಿಳಿಸಿ. ಎರಡನೆಯದು ನನಗೂ ಬೇಕಾಗಿದೆ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಹಳೆಯ ಗ್ರಾಹಕರಲ್ಲೊಬ್ಬ